ಇಬ್ಬರ ಚಪ್ಪಾಳೆ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಮನ್ನಿಸಿ. ಟಿಕೆಟ್ ಕೊಂಡವರು ಆನಿಮೆ ಎಂಬ ಜಪಾನಿ ಕಾರ್ಟೂನಿನೊಳಗೇ ಹೋಗಿ, ಬಣ್ಣದ ಗೆರೆಗಳಾಗಿ ಗ್ಯಾಲರಿಯಲ್ಲಿ ಕೂರುವ ಕಾಲವಿದು. ಮಂಗಳೂರಿನ ಶಶಿರೇಖಾ ಪ್ರತಿ ಭಾನುವಾರ ಅಕ್ಕ ವಾರಿಜಾಳೊಂದಿಗೆ ಬ್ಯಾಡ್ಮಿಂಟನ್ ಆನಿಮೆಗೆ ಹೋಗುತ್ತಾಳೆ. ಅದರಲ್ಲಿ ಡಬಲ್ಸ್ ಆಡುವ ಹುಡುಗರಾದ ಇಸಾಮು, ತೊಮೊಯಾ ಎಂದರೆ ಅವಳಿಗೆ ಪ್ರಾಣ.

ಮೊನ್ನೆ ಫೈನಲ್ ಸೋತ ಮೇಲೆ ಇಸಾಮು ತೊಮೊಯಾನ ಕೈ ಹಿಡಿದು, ಎಲ್ಲರೆದುರು "ನೀನೇ ನನ್ನ ಪ್ರೀತಿ" ಎಂದ. ಗ್ಯಾಲರಿ ಸುಮ್ಮನಾಯಿತು. ಚಪ್ಪಾಳೆ ಬೀಳದ ದೃಶ್ಯವನ್ನು ಚಿತ್ರಕಾರರು ಅಳಿಸಿಬಿಡುವುದು ವಾಡಿಕೆ. ಯಾವತ್ತೂ ಮೊದಲು ಚಪ್ಪಾಳೆ ತಟ್ಟದ ಶಶಿರೇಖಾ ಎದ್ದು ನಿಂತು ತಟ್ಟಿದಳು.

"ಕೂತ್ಕೋ ಮಾರಾಯ್ತಿ, ಮಾನ ಹೋಗ್ತದೆ!" ಅಕ್ಕ ಸೆರಗು ಜಗ್ಗಿದಳು.

"ಸೋತವನಿಗೇ ಅಷ್ಟು ಧೈರ್ಯ ಉಂಟಲ್ಲ ಅಕ್ಕ, ಕೂತು ನೋಡುವ ನಮಗೆ ಬೇಡ್ವಾ?"

ಗೊಣಗುತ್ತಲೇ ವಾರಿಜಾಳೂ ತಟ್ಟತೊಡಗಿದಳು. ಕೆಳಗೆ ತೊಮೊಯಾ ಇಸಾಮುವಿನ ಕೈ ಬಿಡಲಿಲ್ಲ.

ಇಬ್ಬರ ಚಪ್ಪಾಳೆ ಸಾಕಾಯಿತೇ? ಮುಂದಿನ ಭಾನುವಾರದವರೆಗೆ ಯಾರಿಗೂ ಗೊತ್ತಿಲ್ಲ.