ತುಪ್ಪದ ವಾಸನೆ

ಫೋಟೊಗಳು ವಾಸನೆಯನ್ನೂ ಹಿಡಿಯತೊಡಗಿದ ಮೇಲೆ, ರಾಣೆಬೆನ್ನೂರಿನ ಸ್ಟುಡಿಯೊದಲ್ಲಿ ದಾಕ್ಷಾಯಿಣಿಗೆ ಮದುವೆ ಆಲ್ಬಮ್ಮುಗಳಿಂದ ಬೆವರು ತೆಗೆಯುವುದೇ ಕೆಲಸವಾಗಿತ್ತು. ಆ ಬೆಳಿಗ್ಗೆ ಹುಡುಗಿಯರ ಹಾಸ್ಟೆಲೊಂದರ ಅಡುಗೆ ಗುತ್ತಿಗೆದಾರ ಚನ್ನವೀರಪ್ಪ ಪೆನ್‌ಡ್ರೈವ್ ತಂದ. ತಪಾಸಣೆಗೆ ಕೊಡಬೇಕಾದ ಮುನ್ನೂರು ಊಟದ ಫೋಟೊಗಳು ಅದರಲ್ಲಿದ್ದವು.

"ಅಕ್ಕಾರ, ಸೈಜ್ ಸಣ್ಣದು ಮಾಡಿ, ಒಂದ ಸಲಕ್ಕ ಎಲ್ಲಾದಕ್ಕೂ ತುಪ್ಪದ ವಾಸನಿ ಹಚ್ಚಿಬಿಡ್ರಿ."

ಮೊದಲ ಫೋಟೊ ತೆರೆದದ್ದೇ ತಡ, ಹಳಸಿದ ಸಾರಿನ, ಇಲಿ ಹಿಕ್ಕೆಯ ನಾತ ಗಪ್ಪನೆ ಮೂಗಿಗೆ ಹೊಡೆಯಿತು. ದಾಕ್ಷಾಯಿಣಿ ಸೆರಗು ಬಾಯಿಗೊತ್ತಿಕೊಂಡು ತುಪ್ಪ ಹಚ್ಚಿದಳು. ತಟ್ಟೆ ಘಮಘಮಿಸಿತು. ಆದರೆ ಅದರ ಮುಂದೆ ಕೂತಿದ್ದ ಪುಟ್ಟ ಹುಡುಗಿ ಮೂಗು ಹಿಡಿದುಕೊಂಡೇ ಇದ್ದಳು.

"ಆಕೀನ್ನ ಕತ್ತರಿಸಿ ಒಗೀರಿ," ಎಂದು ಚನ್ನವೀರಪ್ಪ ನಕ್ಕ.

ಆ ನಗು ನಾತಕ್ಕಿಂತ ಹೇಸಿಗೆಯಾಗಿತ್ತು. ಅವನು ಚಹಾಕ್ಕೆ ಹೋದಾಗ ದಾಕ್ಷಾಯಿಣಿ ತುಪ್ಪವನ್ನು ಅಳಿಸಿದಳು, ಹುಡುಗಿಯನ್ನು ಉಳಿಸಿದಳು, ಮುನ್ನೂರನ್ನೂ ಬರೀ ಸಣ್ಣದು ಮಾಡಿ ಪೆನ್‌ಡ್ರೈವಿಗೆ ತುಂಬಿದಳು.

"ಆತೇನ್ರಿ?" ತಿರುಗಿ ಬಂದ ಚನ್ನವೀರಪ್ಪ ಕೇಳಿದ.

"ಆತ್ರಿ, ಒಯ್ರಿ."

ಮಧ್ಯಾಹ್ನ ತಪಾಸಣಾಧಿಕಾರಿ ಮೊದಲ ಫೋಟೊ ತೆರೆದವರೇ ವಾಂತಿ ಮಾಡಿಕೊಂಡರು. ಸಂಜೆ ಅವರೇ ಹಾಸ್ಟೆಲಿನ ಉಗ್ರಾಣದ ಮುಂದೆ ನಿಂತು, ಹುಳು ಹರಿದಾಡುತ್ತಿದ್ದ ಅಕ್ಕಿಯ ಚೀಲಗಳನ್ನು ಒಂದೊಂದಾಗಿ ಅಂಗಳಕ್ಕೆ ಸುರಿಸುತ್ತಿದ್ದರು.