ಹೆಮ್ಮೆಯ ಕೇಸು

“ನೋಡೇ ಇಂದುಮತೀ, ನಿನ್ನ ಕೇಸು ಅಚ್ಚಾಗಿದೆ!” ಕಾರು ನಿಲ್ಲಿಸಿದವನೇ ಮೋಹನರಾಜ ಬಣ್ಣದ ಕರಪತ್ರವೊಂದನ್ನು ಹೆಂಡತಿಯ ಕೈಗಿತ್ತ. ಎರಡು ಸಾವಿರದ ಆರನೆಯ ಇಸವಿಯ ಅಕ್ಟೋಬರ್ ಕೊನೆ. ಹ್ಯೂಸ್ಟನ್ನಿನ ಅವರ ಬಡಾವಣೆಯ ಲೈಬ್ರರಿಯಲ್ಲಿ ಮತದಾನ ನಡೆದಿತ್ತು. ಇಲ್ಲಿ ನ್ಯಾಯಾಧೀಶರನ್ನೂ ಜನರೇ ಓಟು ಹಾಕಿ ಆರಿಸಬೇಕು. ಆ ಸ್ಥಾನಕ್ಕೆ ನಿಂತಿದ್ದ ಸರ್ಕಾರಿ ವಕೀಲನೊಬ್ಬನ ನಗುಮುಖ ಕರಪತ್ರದ ಮೇಲಿತ್ತು. ಕೆಳಗೆ ಅವನ ಸಾಧನೆಗಳ ಪಟ್ಟಿ. ‘ಅಂಗಡಿ ದೋಚಿದವನಿಗೆ ಇಪ್ಪತ್ತು ವರ್ಷ ಸೆರೆ’ ಎಂಬ ಸಾಲು ಓದಿದ್ದೇ ಇಂದುಮತಿ ಕರಪತ್ರವನ್ನು ಮಡಿಸಿಬಿಟ್ಟಳು.

“ಆ ಜ್ಯೂರಿಯ ಹನ್ನೆರಡು ಜನದಲ್ಲಿ ನನ್ನ ಹೆಂಡ್ತೀನೂ ಒಬ್ಳು ಅಂತ ಆಫೀಸಲ್ಲಿ ಎಲ್ರಿಗೂ ಹೇಳಿದೀನಿ. ಇಂಥೋರು ಜಡ್ಜ್ ಆಗ್ಬೇಕು ಕಣೇ. ಮೊದಲ್ನೇ ಸ್ಕ್ರೀನಲ್ಲೇ ಪಾರ್ಟಿ ಹೆಸರು ಬರತ್ತೆ. ಒಂದು ಸಲ ಒತ್ತಿದ್ರೆ ಎಲ್ಲಾ ಓಟೂ ಅದಕ್ಕೇ ಹೋಗತ್ತೆ. ಐದು ನಿಮಿಷದ ಕೆಲ್ಸ.”

“ಹೂಂ,” ಎಂದಳು ಇಂದುಮತಿ.

ಮೋಹನರಾಜ ಮೊದಲಿನಿಂದ ಹೀಗಿರಲಿಲ್ಲ. ಮೈಸೂರಿನಿಂದ ಬಂದ ಹೊಸದರಲ್ಲಿ ಜೈಲು, ಬಂದೂಕು ಎಂದರೆ ಸಿಡಿಮಿಡಿಗೊಳ್ಳುತ್ತಿದ್ದ ಮನುಷ್ಯ. ಗೆಳೆಯರ ಮನೆಗೆ ಊಟಕ್ಕೆ ಹೋದರೆ, ಈ ದೇಶದವರಿಗೆ ಕ್ಷಮಿಸುವುದೇ ಗೊತ್ತಿಲ್ಲ ಎಂದು ಭಾಷಣ ಬಿಗಿಯುತ್ತಿದ್ದ. ಐದು ವರ್ಷದ ಹಿಂದೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಬ್ಬ ಅವನ ಹಣೆಗೆ ಪಿಸ್ತೂಲು ಒತ್ತಿ ಕಾರು, ಗಡಿಯಾರ, ಮದುವೆಯ ಉಂಗುರ ಎಲ್ಲ ಕಿತ್ತುಕೊಂಡು ಹೋದ. ಅಂದಿಗೆ ಭಾಷಣ ನಿಂತಿತು. ಪೌರತ್ವ ಸಿಕ್ಕ ಮೇಲೆ ಅವನು ಹಾಕಿದ ಮೊದಲ ಓಟೇ ಬಿಗಿ ಶಿಕ್ಷೆಯ ಮಾತಾಡುವವರಿಗೆ. ತಪ್ಪೆನ್ನಲು ಯಾರಿಗೆ ಬಾಯಿ ಬಂದೀತು? ಹಣೆ ಅವನದು.

ಆ ಸಂಗತಿಯನ್ನು ಗಂಡ ಹೆಂಡತಿ ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಗೊತ್ತಾದರೆ ಮೈಸೂರಿನಲ್ಲಿ ಊಟ ಬಿಟ್ಟಾರು, ಕನ್ನಡ ಕೂಟದವರಿಗೆ ಗೊತ್ತಾದರೆ ವಾರಕ್ಕೊಬ್ಬರು ಬಂದು ಅಯ್ಯೋ ಪಾಪ ಎಂದಾರು! “ಕಾರು ಹಳೇದಾಗಿತ್ತು, ಮಾರಿಬಿಟ್ವಿ” ಎಂದು ಕೇಳಿದವರ ಬಾಯಿ ಮುಚ್ಚಿಸಿದ್ದರು. ಇಲ್ಲಿ ತಪ್ಪಿನ ಜೊತೆಗೆ ಶಿಕ್ಷೆಯ ವರ್ಷಗಳನ್ನೂ ಸಾಮಾನ್ಯ ಜನರ ಜ್ಯೂರಿಯೇ ತೀರ್ಮಾನಿಸಬಹುದು. ಹೋದ ವರ್ಷ ಆ ಅಂಗಡಿ ಕಳ್ಳನ ಕೇಸಿಗೆ ಜ್ಯೂರಿ ಆರಿಸುವಾಗ, “ನಿಮ್ಮ ಮನೆಯವರನ್ನು ಯಾರಾದರೂ ಹೀಗೆ ದೋಚಿದ್ದುಂಟೇ? ಇದ್ದರೆ ಕೈ ಎತ್ತಿ” ಎಂದು ಎಲ್ಲರನ್ನೂ ಕೇಳಿದರು. ಆರೇಳು ಕೈಗಳು ಎದ್ದವು. ಅವರಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿದರು. ಗುರುತು ಪರಿಚಯವಿಲ್ಲದ ಅರವತ್ತು ಜನರ ಮುಂದೆ ಮನೆಯ ಮಾತು ಹೇಗೆ ಆಡುವುದು ಎಂದು ಇಂದುಮತಿಯ ಕೈ ಮಡಿಲಲ್ಲೇ ಉಳಿಯಿತು. ಹಾಗೆ ಅವಳು ಜ್ಯೂರಿಯಲ್ಲಿ ಕುಳಿತಿದ್ದಳು.

ಈಗ ಮತಯಂತ್ರದ ಮೊದಲ ಪರದೆಯ ಮೇಲೆ ಗಂಡ ಹೇಳಿದ ಪಕ್ಷದ ಹೆಸರು ಕಾಣುತ್ತಿತ್ತು. ಅವಳು ಒತ್ತಲಿಲ್ಲ. ಯಂತ್ರದ ಪುಟ್ಟ ಚಕ್ರ ತಿರುಗಿಸುತ್ತ ಒಂದೊಂದೇ ಪರದೆ ದಾಟಿದಳು. ಅಬ್ಬಾ, ನ್ಯಾಯಾಧೀಶರೇ ಎಷ್ಟು ಜನ! ಕೊನೆಗೆ ಆ ವಕೀಲನ ಹೆಸರು ಸಿಕ್ಕಿತು. ಅದರ ಜೊತೆಗೇ ಅಂಗಡಿ ದೋಚಿದ ಆ ಯುವಕನೂ ಕಣ್ಣ ಮುಂದೆ ಬಂದ. ಇಪ್ಪತ್ತೆರಡು ವಯಸ್ಸು, ಯಾರದೋ ಕೋಟು ತೊಟ್ಟಿದ್ದ, ಅದರ ತೋಳು ಬೆರಳಿನ ತುದಿ ಮುಟ್ಟುತ್ತಿತ್ತು. ಅವನ ಪಿಸ್ತೂಲಿನಲ್ಲಿ ಗುಂಡಿರಲಿಲ್ಲ. ಶಿಕ್ಷೆ ಓದಿದಾಗ ಅವನ ತಾಯಿ ಅಳಲಿಲ್ಲ, ಬೆರಳು ಮಡಿಸಿ ಏನನ್ನೋ ಎಣಿಸುತ್ತ ಕುಳಿತಳು. ಇಂದುಮತಿ ಗುಂಡಿ ಒತ್ತಿ ಹೊರಬಂದಳು.

“ಇಷ್ಟೊತ್ತಾ? ಒಂದು ಬಟನ್ ಒತ್ತಕ್ಕೆ?” ಕಾರಿಗೆ ಒರಗಿ ನಿಂತಿದ್ದ ಮೋಹನರಾಜ ಕೇಳಿದ.

“ಅವನಿಗೆ ಹಾಕ್ಲಿಲ್ಲ ರೀ. ಅವನ ಎದುರಿಗೆ ನಿಂತೋರಿಗೆ ಹಾಕಿದೆ.”

ಮೋಹನರಾಜನ ಮುಖ ಕೆಂಪೇರಿತು. “ತಲೆ ನೆಟ್ಟಗಿದೆಯಾ ನಿಂಗೆ? ನನ್ನ ಹಣೆಗೆ ಪಿಸ್ತೂಲು ಇಟ್ಟಿದ್ದು ಮರೆತೇಹೋಯ್ತಾ? ಅಂಥ ಕಳ್ಳನಿಗೆ ಇಪ್ಪತ್ತು ವರ್ಷ ಕೊಡಿಸಿದಾನೆ. ಏನು ತಪ್ಪು ಮಾಡಿದಾನೆ ಅವನು?”

“ಆ ವಕೀಲ ಕೋರ್ಟಲ್ಲಿ ಕೇಳಿದ್ದು ಹತ್ತೇ ವರ್ಷ.”

“ಮತ್ತೆ?”

ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದು ತಡೆಯಲಾಗದೆ ಹೊರಬಿತ್ತು. “ಜ್ಯೂರಿ ಕೋಣೇಲಿ ಎಲ್ರೂ ಎಂಟು, ಹತ್ತು ಅಂತಿದ್ರು. ನಾನು ಎದ್ದು ನಿಮ್ಮ ಕಥೆ ಹೇಳ್ದೆ. ಅವತ್ತು ನೀವು ಬಾಗಿಲು ಹಾಕ್ಕೊಂಡು ಬಚ್ಚಲಲ್ಲಿ ಕೂತು ನಡುಗಿದ್ದು, ಆಮೇಲೆ ತಿಂಗಳುಗಟ್ಟಲೆ ದೀಪ ಆರಿಸಕ್ಕೆ ಬಿಡದೇ ಇದ್ದಿದ್ದು, ಎಲ್ಲಾ. ನಿಮ್ಮಮ್ಮನಿಗೂ ಹೇಳ್ದೇ ಇದ್ದಿದ್ದನ್ನ ಆ ಹನ್ನೊಂದು ಜನಕ್ಕೆ ಹೇಳ್ಬಿಟ್ಟೆ. ಒಂದಿಬ್ಬರು ಅತ್ರು. ಇಪ್ಪತ್ತು ಅಂದೋಳು ನಾನೇ ರೀ. ಎಲ್ರೂ ಹೂಂ ಅಂದ್ರು. ಇವತ್ತು ಅವನು ಅದನ್ನೇ ಪದಕದ ಥರ ಅಚ್ಚು ಹಾಕಿಸಿದಾನೆ. ಅದಕ್ಕೆ ನನ್ನ ಓಟೂ ಬೇರೆ ಕೊಡ್ಲಾ? ನನ್ನ ಕೈಲಾಗ್ಲಿಲ್ಲ.”

ಮೋಹನರಾಜ ಕಾರಿನ ಬಾಗಿಲು ತೆರೆಯಲು ಹೋದವನು ಹಾಗೇ ನಿಂತ. “ಆದ್ರೂ ಅವನು ಕಳ್ಳ ತಾನೇ?” ಎಂದ. ಮೊದಲಿನ ಜೋರು ಇರಲಿಲ್ಲ. “ಶಿಕ್ಷೆ ಆಗ್ಬೇಕಿತ್ತು ತಾನೇ?”

“ಆಗ್ಬೇಕಿತ್ತು. ಹತ್ತು ವರ್ಷ ಅವನದೇ. ಇನ್ನು ಹತ್ತು, ನಿಮ್ಮ ಹಣೆಗೆ ಪಿಸ್ತೂಲು ಇಟ್ಟವನದು. ಅವನು ಸಿಗ್ಲೇ ಇಲ್ವಲ್ಲ ರೀ... ಸಿಕ್ಕಿದವನಿಗೆ ಕೊಟ್ಬಿಟ್ಟೆ.”