ಮೊದಲು ಶಟರ್

ವೆಲ್ಡಿಂಗ್ ಮಾಡುತ್ತಿದ್ದ ಸಿದ್ದಾರೂಢನಿಗೆ ತಲೆ ಗಿರ್ರೆಂದು, ಕಾಲು ಕುಸಿಯಿತು. ಮಳೆಗೆ ನೆನೆಯದಿರಲೆಂದು ಡೀಸೆಲ್ ಇಂಜಿನ್ನಿನ ವೆಲ್ಡಿಂಗ್ ಸೆಟ್ಟನ್ನು ಅವನು ಜೆ.ಪಿ. ನಗರದ ಒಂದು ಹೊಸ ಮನೆಯ ಬೇಸ್‌ಮೆಂಟಿನೊಳಗೇ ಇಟ್ಟು, ಶಟರನ್ನು ಮೊಣಕಾಲೆತ್ತರದವರೆಗೆ ಎಳೆದುಕೊಂಡಿದ್ದ. ಇಂಜಿನ್ನಿನ ವಿಷದ ಹೊಗೆ ಒಳಗೇ ತುಂಬಿತ್ತು.

ಊಟ ತಂದ ಹೆಂಡತಿ ಶಂಕ್ರವ್ವ ಶಟರಿನ ಕೆಳಗಿನ ಸಂದಿಯಿಂದ ಅವನನ್ನು ಕಂಡು ಚೀರಿದಳು. ಆದರೆ ಒಳಗೆ ನುಸುಳಿ ಬರಲಿಲ್ಲ. ಬಿಟ್ಟೇ ಹೋದಳೆಂದುಕೊಂಡ ಅವನಿಗೆ ಶಟರ್ ಗಡಗಡನೆ ಮೇಲೇರಿದ್ದು ಕೇಳಿಸಿತು. ಮುಖಕ್ಕೆ ಗಾಳಿ ಬಡಿಯಿತು. ಆಮೇಲೆ ಅವಳು ಉಸಿರು ಬಿಗಿಹಿಡಿದು ನುಗ್ಗಿ, ಇಂಜಿನ್ ಆರಿಸಿ, ಅವನ ತೋಳು ಹಿಡಿದು ಮಳೆಗೆ ಎಳೆದು ತಂದಳು.

“ಲಗೂನ ಯಾಕ ಬರ್ಲಿಲ್ಲ?” ಎಂದ, ಕೆಮ್ಮುತ್ತ.

“ನಾನೂ ಒಳಗ ಬಿದ್ದಿದ್ರ ಇಬ್ರನ್ನೂ ಎಳೆಯಾಕ ಯಾರ್ ಬರ್ತಿದ್ರು ರೀ?”

ಅವಳು ಒಂದು ಕೈಯಲ್ಲಿ ಅವನ ಕೈ ಹಿಡಿದುಕೊಂಡೇ ಇನ್ನೊಂದರಲ್ಲಿ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಹೆದರಿ ಚೀರಿದವಳು ಅಷ್ಟೆಲ್ಲ ಯೋಚಿಸಿದ್ದಳಲ್ಲ! ಆಂಬುಲೆನ್ಸ್ ಬಂದರೂ ಅವನು ಆ ಕೈ ಬಿಡಲಿಲ್ಲ.